ಜರ್ಮನಿಯಲ್ಲಿ ಒಂಟಿತನ: ಓದು ಬಿಟ್ಟು ಬರಬೇಕಾ?

ಜರ್ಮನಿಗೆ ಬಂದು ಎರಡು ತಿಂಗಳಾಯ್ತು, ಕ್ಲಾಸಲ್ಲಿ ಯಾರೂ ಮಾತಾಡಿಸಲ್ಲ, ಭಾನುವಾರ ಬಂದರೆ ಅಳು ಬರುತ್ತೆ, ವಾಪಸ್ ಬಂದುಬಿಡಲಾ ಅಂತ ಕೇಳಿದ್ದೀರಿ. ಡಿಸೆಂಬರಿನಲ್ಲಿ ಆ ನಿರ್ಧಾರ ಖಂಡಿತ ಬೇಡ. ಈಗ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಮನಸ್ಸು ಕುಗ್ಗೋದಕ್ಕೆ ಅದೂ ಒಂದು ಕಾರಣ. ಮೋಡ ಇದ್ದರೂ ಮಧ್ಯಾಹ್ನ ಅರ್ಧ ಗಂಟೆ ಹೊರಗೆ ನಡೆಯಿರಿ.

ಅಲ್ಲಿನವರು ತಾವಾಗಿ ಬಂದು ಮಾತಾಡಿಸೋದು ಕಡಿಮೆ, ಅದು ತಿರಸ್ಕಾರ ಅಲ್ಲ. "ಯಾವಾಗಾದ್ರೂ ಸಿಗೋಣ" ಅಂದರೆ ಮಾತು ಅಲ್ಲಿಗೇ ನಿಲ್ಲುತ್ತೆ. "ಗುರುವಾರ 12:30ಕ್ಕೆ ಮೆನ್ಸಾದಲ್ಲಿ ಊಟ ಮಾಡೋಣವಾ?" ಅಂತ (ಮೆನ್ಸಾ ಅಂದರೆ ವಿಶ್ವವಿದ್ಯಾಲಯದ ಕ್ಯಾಂಟೀನ್) ದಿನ, ಹೊತ್ತು, ಜಾಗ ಹೇಳಿ ಕರೆಯಿರಿ, ಒಪ್ಪಿದರೆ ಐದು ನಿಮಿಷವೂ ತಡ ಮಾಡಬೇಡಿ. ಇದಕ್ಕಿಂತ ಸುಲಭ ದಾರಿ ಹೊಖ್‌ಶೂಲ್‌ಸ್ಪೋರ್ಟ್, ಅಂದರೆ ವಿಶ್ವವಿದ್ಯಾಲಯದ ಕ್ರೀಡಾ ತರಗತಿ. ಶುಲ್ಕ ಕಡಿಮೆ, ವಾರ ವಾರ ಅವೇ ಮುಖಗಳು, ಪರಿಚಯ ತಾನಾಗಿ ಬೆಳೆಯುತ್ತೆ.

ಭಾನುವಾರ ಅಂಗಡಿ ಮುಚ್ಚಿರುತ್ತವೆ, ದಿನಸಿ ಶನಿವಾರವೇ ತಂದಿಡಿ. ರಾತ್ರಿ ಎಂಟಕ್ಕೆ ಮನೆ ನೆನಪಾದರೆ ಇಲ್ಲಿ ಹನ್ನೆರಡೂವರೆ, ಎಲ್ಲರೂ ಮಲಗಿರುತ್ತಾರೆ. ಹಾಗಾಗಿ ಕರೆ ಬೆಳಿಗ್ಗೆಯೇ ಮಾಡಿ.

ಎರಡು ವಾರದಿಂದ ನಿದ್ದೆ, ಊಟ ಸರಿಯಿಲ್ಲ ಅಂದರೆ ಅಲ್ಲಿನ ವಿದ್ಯಾರ್ಥಿ ಸೇವಾ ಸಂಸ್ಥೆಯಾದ ಸ್ಟುಡಿಯರೆಂಡನ್‌ವೆರ್ಕ್‌ನ ಮನೋವೈಜ್ಞಾನಿಕ ಸಲಹಾ ಕೇಂದ್ರಕ್ಕೆ ಬರೆಯಿರಿ. ಸಾಮಾನ್ಯವಾಗಿ ಉಚಿತ, ವಿಷಯ ಗುಟ್ಟಾಗಿಡುತ್ತಾರೆ, ಹಲವು ಕಡೆ ಇಂಗ್ಲಿಷ್‌ನಲ್ಲೂ ಮಾತಾಡಬಹುದು. ಸರದಿಗೆ ಕಾಯಬೇಕಾಗಬಹುದು, ಅದಕ್ಕೇ ಇವತ್ತೇ ಇಮೇಲ್ ಹಾಕಿ.