ಕ್ಯಾಂಪರ್ ನೆಲ ಕುಸಿಯುತ್ತಿದೆ ಎಂದು ಕೇಳಿದ ಹೊಸಬರಿಗೆ

ಕಾರಿನ ಹಿಂದೆ ಕಟ್ಟಿಕೊಂಡು ಪ್ರವಾಸ ಹೋಗುವ ಹಳೇ ಕ್ಯಾಂಪರ್ ಟ್ರೈಲರ್ ಒಂದು ಅಗ್ಗಕ್ಕೆ ಸಿಕ್ಕಿತು, ಮನೆಗೆ ತಂದ ಮೇಲೆ ನೋಡಿದರೆ ಬಾಗಿಲ ಹತ್ತಿರ ಕಾಲಿಟ್ಟಲ್ಲಿ ನೆಲ ಕುಸಿಯುತ್ತದೆ, ನಾವೇ ರಿಪೇರಿ ಮಾಡಬಹುದಾ ಇಲ್ಲ ವರ್ಕ್‌ಶಾಪಿಗೆ ಕೊಡಬೇಕಾ ಎಂದು ಕೇಳಿದ್ದೀರಿ. ಜೊತೆಗೆ ಮೆಲ್ಬರ್ನ್ ಚಳಿ ಹೇಗೆ, ಸ್ನೇಹಿತರು ಸಿಗುತ್ತಾರಾ, ಅಪ್ಪ ಅಮ್ಮನನ್ನು ಯಾವಾಗ ಕರೆಸಬೇಕು ಎಂದೂ ಕೇಳಿದ್ದೀರಿ.

ಚಳಿಯದ್ದು ದೊಡ್ಡ ವಿಷಯವಲ್ಲ. ಜುಲೈನಲ್ಲಿ ಹಗಲು 13-14 ಡಿಗ್ರಿ, ರಾತ್ರಿ 6-7. ಒಳ್ಳೇ ಜಾಕೆಟ್ ಕೊಳ್ಳಿ. ಅಪ್ಪ ಅಮ್ಮ ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಬರಲಿ, ಬರುವ ಮೊದಲೇ ಆರೋಗ್ಯ ವಿಮೆ ಮಾಡಿಸಿ. ಸ್ನೇಹಿತರ ವಿಷಯ ಆಮೇಲೆ ಹೇಳುತ್ತೇನೆ, ಅದಕ್ಕೂ ನಿಮ್ಮ ನೆಲಕ್ಕೂ ಸಂಬಂಧ ಇದೆ.

ನಾನು ತೀರ್ಥಹಳ್ಳಿ ಕಡೆಯವನು. ಇಲ್ಲಿಗೆ ಬಂದಿಳಿದದ್ದು ಜುಲೈನಲ್ಲೇ. ಮೆಲ್ಬರ್ನ್ ಹೊರವಲಯದ ಡ್ಯಾಂಡಿನಾಂಗ್ ಹತ್ತಿರ ಒಂದು ಬಾಡಿಗೆ ಯೂನಿಟ್, ಅಂದರೆ ಪುಟ್ಟ ಮನೆ. ಎಲ್ಲರೂ ಇಲ್ಲಿನ ಮಳೆಯನ್ನು ಬೈಯುತ್ತಿದ್ದರು, ನನಗೆ ನಗು ಬರುತ್ತಿತ್ತು. ಮೆಲ್ಬರ್ನ್‌ನಲ್ಲಿ ವರ್ಷವಿಡೀ ಸುರಿದರೂ 600-650 ಮಿಲಿಮೀಟರ್. ನಮ್ಮ ಆಗುಂಬೆಯಲ್ಲಿ 7,000 ದಾಟುತ್ತದೆ. ಆದರೆ ಆ ಯೂನಿಟ್ಟಿನ ಕಿಟಕಿ ಗಾಜಿನ ಒಳಗಡೆ ದಿನಾ ಬೆಳಿಗ್ಗೆ ನೀರು ಇಳಿಯುತ್ತಿತ್ತು. ಕಿಟಕಿಯ ಕೆಳಗಿನ ಹಲಗೆಗೆ ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು. ಮರ ಕೊಳೆಯುವುದಕ್ಕೆ ಜಡಿಮಳೆ ಬೇಕಿಲ್ಲ. ತೇವ ಶೇಕಡಾ 20 ದಾಟಿ ಆರದೆ ಹಾಗೇ ಉಳಿದರೆ ಸಾಕು, ಶಿಲೀಂಧ್ರ ಶುರುವಾಗುತ್ತದೆ. ಇಲ್ಲಿನ ಚಳಿಗಾಲದಲ್ಲಿ ಏನೂ ಬೇಗ ಆರುವುದಿಲ್ಲ. ನಿಮ್ಮ ಕ್ಯಾಂಪರಿನಲ್ಲಿ ಆಗಿರುವುದೂ ಇದೇ.

ಅಗ್ಗಕ್ಕೆ ಮಾರಿದವರ ಬೆನ್ನು ಹತ್ತಿ ಉಪಯೋಗವಿಲ್ಲ. ಖಾಸಗಿಯಾಗಿ ಕೊಂಡ ಹಳೇ ಗಾಡಿ, ನೋಡಿ ಕೊಂಡಿದ್ದೀರಿ, ಮುಗೀತು. ವರ್ಕ್‌ಶಾಪಿನ ವಿಷಯ ಬೇರೆ. ಅಲ್ಲಿ ನನ್ನ ಅನುಭವ ಸ್ವಲ್ಪ ಉದ್ದಕ್ಕೇ ಹೇಳಬೇಕು.

ಊರಲ್ಲಿ ಮನೆಗೆ ಆಚಾರಿ ಬಂದರೆ ಅಪ್ಪ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಎದುರಿಗೇ ಕೂರುತ್ತಿದ್ದರು. ಕಾಫಿ, ಎಲೆ ಅಡಿಕೆ, ಊರ ಸುದ್ದಿ ಎಲ್ಲ ಅಲ್ಲೇ. ಕಣ್ಣು ಮಾತ್ರ ಉಳಿಯ ಮೇಲೆ. ನಿಮ್ಮ ಮನೆಯಲ್ಲೂ ಹಾಗೇ ಇದ್ದಿರುತ್ತದೆ. ಆಚಾರಿಗೂ ಅದು ಅವಮಾನವಲ್ಲ, ಕೆಲಸ ನಡೆಯುವ ರೀತಿಯೇ ಅದು. ಇಲ್ಲಿ ಹಾಗಲ್ಲ. ಗಾಡಿ ಬಿಟ್ಟು ಹೋಗಿ, ಆದ ಮೇಲೆ ಫೋನ್ ಮಾಡುತ್ತೇವೆ ಎನ್ನುತ್ತಾರೆ. ಒಳಗೆ ಹೋಗಿ ನಿಲ್ಲುವುದಕ್ಕೆ ಇನ್ಶೂರೆನ್ಸ್ ಒಪ್ಪುವುದಿಲ್ಲ. ನಮ್ಮ ಮೊದಲ ಕ್ಯಾಂಪರಿಗೂ ನಿಮ್ಮದರ ಹಾಗೇ ಒಂದು ಮೂಲೆ ಮೆತ್ತಗಾಗಿತ್ತು. ಒಂದು ವರ್ಕ್‌ಶಾಪಿಗೆ ಕೊಟ್ಟೆವು. ವಾಪಸ್ ಬಂದಾಗ ನೆಲ ಫಳಫಳ ಹೊಳೆಯುತ್ತಿತ್ತು. ಮೇಲೆ ಹೊಸ ವಿನೈಲ್ ಹಾಸು, ಅಂಚಿಗೆ ಚೆಂದದ ಪಟ್ಟಿ. ಬಿಲ್ಲೂ ಹಾಗೇ ಇತ್ತು, ಗಂಟೆ ಕೂಲಿ ನೂರು ಡಾಲರಿಗೆ ಮೇಲೆ.

ಒಂದೆರಡು ಚಳಿಗಾಲ ಕಳೆಯುವಷ್ಟರಲ್ಲಿ ಸೀಟಿನ ಪೆಟ್ಟಿಗೆಯೇ ಒಂದು ಪಕ್ಕಕ್ಕೆ ವಾಲಿತು. ಕಿತ್ತು ನೋಡಿದರೆ, ಕೊಳೆತ ಪ್ಲೈವುಡ್ಡನ್ನು ಮುಟ್ಟಿಯೇ ಇರಲಿಲ್ಲ. ಅದರ ಮೇಲೆ 3 ಮಿಲಿಮೀಟರಿನ ತೆಳ್ಳನೆ ಹಾಳೆ ಹೊಡೆದು, ವಿನೈಲ್ ಹಾಸಿದ್ದರು. ಮೇಲಿಂದ ಮುಚ್ಚಿದ್ದರಿಂದ ಕೆಳಗಿನ ತೇವ ಆರುವ ದಾರಿಯೂ ಹೋಗಿ, ಕೊಳೆಯುವುದು ಚಾಸಿಸ್‌ನ, ಅಂದರೆ ಕೆಳಗಿನ ಕಬ್ಬಿಣದ ಚೌಕಟ್ಟಿನ, ಆ ಬದಿಯಿಂದ ಈ ಬದಿಯವರೆಗೆ ಹಬ್ಬಿತ್ತು. ಮತ್ತೆ ಪೂರ್ತಿ ಬಿಚ್ಚಿ ಕಟ್ಟುವಷ್ಟರಲ್ಲಿ ಮಗಳು ಹೈಸ್ಕೂಲು ಸೇರಿದ್ದಳು. ವಾರಾಂತ್ಯಕ್ಕೆ ಅವಳದ್ದೇ ಗೆಳತಿಯರು, ಅವಳದ್ದೇ ನೆಟ್‌ಬಾಲ್. ದುಡ್ಡು ಹೋದದ್ದು ಮರೆತಿದ್ದೇನೆ. ಗ್ರಾಂಪಿಯನ್ಸ್ ಬೆಟ್ಟಗಳಿಗೆ ಹೋಗೋಣ, ಕಾಂಗರೂ ನೋಡೋಣ ಎಂದು ಅವಳು ಕುಣಿಯುತ್ತಿದ್ದ ಆ ಬೇಸಿಗೆಗಳೆಲ್ಲ ಟ್ರೈಲರ್ ಮನೆ ಪಕ್ಕ ಟಾರ್ಪಾಲಿನ್ ಹೊದ್ದು ನಿಂತಿತ್ತಲ್ಲ, ಅದು ಇವತ್ತಿಗೂ ಚುಚ್ಚುತ್ತದೆ.

ಹಾಗಾಗಿ ವರ್ಕ್‌ಶಾಪಿಗೇ ಕೊಡುವುದಾದರೆ ಎದುರಿಗೆ ಕೂರುವ ಬದಲು ಫೋಟೋ ಕೇಳಿ. ಹಳೇ ಪ್ಲೈ ಕತ್ತರಿಸಿದ ಮೇಲೆ ಚಾಸಿಸ್ ಕಾಣುವ ಹಾಗೆ ಒಂದು, ಹೊಸದು ಕೂರಿಸಿದ ಮೇಲೆ ವಿನೈಲ್ ಹಾಸುವ ಮೊದಲು ಇನ್ನೊಂದು. ಕೊಟೇಶನ್‌ನಲ್ಲಿ 'ಕೊಳೆತದ್ದನ್ನು ಕತ್ತರಿಸಿ ತೆಗೆಯುವುದು' ಎಂದು ಬರೆಸಿ. ಕೆಲಸ ಸರಿಯಿಲ್ಲದಿದ್ದರೆ ಕೇಳಿ. ಹೊಸದಾಗಿ ಬಂದವರು ನಾವು, ಜಗಳ ಯಾಕೆ ಎಂದು ಸುಮ್ಮನಾಗುತ್ತೇವೆ ಅಲ್ವಾ? ದುಡ್ಡು ತೆಗೆದುಕೊಂಡು ಮಾಡುವ ಕೆಲಸ ತಕ್ಕ ಎಚ್ಚರದಿಂದ, ತಿಳಿವಳಿಕೆಯಿಂದ ಮಾಡಿರಬೇಕು ಎಂದು ಆಸ್ಟ್ರೇಲಿಯನ್ ಕನ್ಸ್ಯೂಮರ್ ಲಾ ಹೇಳುತ್ತದೆ. ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ ಗ್ರಾಹಕರ ದೂರಿಗೆ ಕನ್ಸ್ಯೂಮರ್ ಅಫೇರ್ಸ್ ಎಂಬ ಸರ್ಕಾರಿ ಕಚೇರಿ ಇದೆ, ಅದೂ ಆಗದಿದ್ದರೆ ವೀಕ್ಯಾಟ್ (VCAT) ಎಂಬ ನ್ಯಾಯಮಂಡಳಿ ಇದೆ. ವೀಸಾಕ್ಕೂ ಇದಕ್ಕೂ ಸಂಬಂಧ ಇಲ್ಲ, ಹೆದರಬೇಡಿ.

ನನ್ನನ್ನು ಕೇಳಿದರೆ ನೀವೇ ಮಾಡಿ. ಮೈಕೈ ನೋಯುವ ಕೆಲಸ, ಆದರೆ ಬಾರದ ವಿದ್ಯೆಯೇನಲ್ಲ.

ಮೊದಲು ನೆಲ ಬಿಡಿ, ನೀರು ಎಲ್ಲಿಂದ ಬರುತ್ತಿದೆ ನೋಡಿ. ಊರಲ್ಲಿ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವಾಗ ನೋಡಿರುತ್ತೀರಿ, ತೊಟ್ಟಿಕ್ಕುವ ಜಾಗ ಒಂದು, ಒಡೆದ ಹಂಚು ಇನ್ನೊಂದು. ನಡುವೆ ನೀರು ರೀಪಿನ ಮೇಲೆ ಹರಿದು ಬಂದಿರುತ್ತದೆ. ಕ್ಯಾಂಪರಿನಲ್ಲೂ ಅಷ್ಟೇ. ಬಾಗಿಲ ಹತ್ತಿರ ಮೆತ್ತಗಾಗಿದೆ ಎಂದರೆ ಬಾಗಿಲ ರಬ್ಬರ್ ಇರಬಹುದು, ಮೆಟ್ಟಿಲಿನ ಸ್ಕ್ರೂ ತೂತು ಇರಬಹುದು, ಚಾವಣಿಯ ಜೋಡಣೆಯೂ ಇರಬಹುದು. ಸಿಂಕ್ ಪೈಪ್ ಮರೆಯಬೇಡಿ. ಮಳೆಯಲ್ಲಿ ಓಡಿಸುವಾಗ ಚಕ್ರ ಎರಚುವ ನೀರು ಕೆಳಗಿನಿಂದಲೂ ಪ್ಲೈ ಅಂಚಿಗೆ ಸೇರುತ್ತದೆ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಿ, ಒಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಿ. ಕೆಳಗಿನಿಂದ ಶುರು ಮಾಡಿ ನಿಧಾನವಾಗಿ ಮೇಲೆ ಹೋಗಿ. ಮೇಲಿನಿಂದಲೇ ಸುರಿದರೆ ಎಲ್ಲ ಕಡೆ ಒದ್ದೆಯಾಗಿ ಯಾವುದು ಎಲ್ಲಿಂದ ಎಂದೇ ಗೊತ್ತಾಗುವುದಿಲ್ಲ. ಸಂದಿಗೆ ಪಾಲಿಯುರಿಥೇನ್ ಸೀಲಂಟ್ ಹಾಕಿ. ಬಾತ್‌ರೂಮಿನ ಸಾಮಾನ್ಯ ಸಿಲಿಕೋನ್ ಬೇಡವೇ ಬೇಡ. ಮುಂದೆ ಅದರ ಮೇಲೆ ಬಣ್ಣವೂ ಹಿಡಿಯುವುದಿಲ್ಲ, ಬೇರೆ ಸೀಲಂಟೂ ಹಿಡಿಯುವುದಿಲ್ಲ.

ಗಾಡಿ ಎಷ್ಟು ಹಳೆಯದು ಎಂದು ನೀವು ಬರೆದಿಲ್ಲ. 1990ಕ್ಕಿಂತ ಹಿಂದಿನದಾದರೆ ವಿನೈಲ್ ಕೀಳಬೇಡಿ, ಉಜ್ಜಬೇಡಿ. ಆ ಕಾಲದ ಕೆಲವು ವಿನೈಲ್‌ಗಳ ಬೆನ್ನಿಗೆ ಆಸ್ಬೆಸ್ಟಾಸ್ (ಕಲ್ನಾರು, ಇದರ ಧೂಳು ಉಸಿರಿಗೆ ಹೋದರೆ ಅಪಾಯ) ಇರುತ್ತಿತ್ತು. ಇಲ್ಲಿ ಅದನ್ನು ಪೂರ್ತಿ ನಿಷೇಧಿಸಿದ್ದು 2003ರ ಕೊನೆಯ ದಿನ. ಊರಲ್ಲಿ ಸಿಮೆಂಟ್ ಶೀಟನ್ನು ಗರಗಸದಲ್ಲಿ ಕುಯ್ದು ಅಭ್ಯಾಸವಾದ ನಮಗೆ ಇದು ಅತಿ ಅನ್ನಿಸುತ್ತದೆ. ಅತಿ ಅಲ್ಲ. ಒಂದು ತುಂಡನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ ಆಮೇಲೆ ಮುಂದುವರಿಯಿರಿ.

ಕೆಳಗೆ ತೂರುವ ಮೊದಲು ಚಕ್ರಗಳಿಗೆ ಅಡ್ಡ ಕೊಡಿ, ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಬೇಡಿ. ಕೆಳಗಿನಿಂದ ಸ್ಕ್ರೂಡ್ರೈವರ್ ಚುಚ್ಚುತ್ತಾ ಹೋಗಿ, ಎಲ್ಲಿ ಒಳಗೆ ಹೋಗುತ್ತದೋ ಅಲ್ಲೆಲ್ಲ ಚಾಕ್ ಗುರುತು ಹಾಕಿ. ವೈರು, ಗ್ಯಾಸ್ ಪೈಪು, ಬ್ರೇಕಿನ ತಂತಿ ಎಲ್ಲಿ ಹೋಗಿವೆ ಎಂದೂ ನೋಡಿಕೊಳ್ಳಿ. ಗ್ಯಾಸ್ ಮತ್ತು 240 ವೋಲ್ಟಿನದ್ದು ಲೈಸೆನ್ಸ್ ಇರುವವರೇ ಮುಟ್ಟಬೇಕು, ಇಲ್ಲಿ ಅದು ಕಾನೂನು. ಊರಿನ ಧೈರ್ಯ ಅಲ್ಲಿ ತೋರಿಸಬೇಡಿ.

ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು ಸುರಿದರೆ ಸಾಕು, ಕಲ್ಲಾಗುತ್ತದೆ ಎನ್ನುವವರು ಸಿಗುತ್ತಾರೆ. ಬೆರಳಗಲ ಜಾಗಕ್ಕೆ ಸರಿ. ಕಾಲಿಟ್ಟರೆ ಕುಸಿಯುವ ನೆಲಕ್ಕೆ ಕತ್ತರಿಸುವುದೊಂದೇ ದಾರಿ. ಕೊಳೆತದ್ದಕ್ಕಿಂತ ಒಂದು ಗೇಣು ಆಚೆಗೆ, ಗಟ್ಟಿ ಮರ ಸಿಗುವವರೆಗೆ ಹೋಗಿ. ಕತ್ತರಿಸಿದ ಗೆರೆ ಚಾಸಿಸ್‌ನ ಅಡ್ಡಪಟ್ಟಿಯ ಮಧ್ಯಕ್ಕೆ ಬರಲಿ, ಹಳೇ ಪ್ಲೈ ಹೊಸ ಪ್ಲೈ ಎರಡರ ಅಂಚೂ ಕಬ್ಬಿಣದ ಮೇಲೆ ಕೂರಬೇಕು. ಕರೆಂಟ್ ಗರಗಸದ ಬ್ಲೇಡು ಇಳಿಯುವ ಆಳವನ್ನು ಪ್ಲೈ ದಪ್ಪಕ್ಕೇ ಹೊಂದಿಸಿ. ಆಮೇಲೆ ಒಣಗಿಸಿ. ಫ್ಯಾನ್ ಇಟ್ಟು ವಾರಗಟ್ಟಲೆ ಬಿಟ್ಟರೂ ತಪ್ಪಿಲ್ಲ. ತೇವ ಅಳೆಯುವ ಪುಟ್ಟ ಮೀಟರ್ ಸಿಗುತ್ತದೆ, ಶೇಕಡಾ 15ಕ್ಕಿಂತ ಕೆಳಗೆ ಬರಲಿ. ಅಷ್ಟರಲ್ಲಿ ತುಕ್ಕನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ ಕೋಲ್ಡ್ ಗ್ಯಾಲ್ ಎಂಬ ಸತುವಿನ ಬಣ್ಣ ಬಳಿಯಿರಿ.

ಊರಲ್ಲಿ ಪ್ಲೈ ಅಂಗಡಿಗೆ ಹೋದರೆ '710 ಕೊಡಿ' ಎನ್ನುತ್ತಿದ್ದೆವಲ್ಲ, ಆ ಮೆರೀನ್ ಪ್ಲೈಗೆ ಇಲ್ಲಿನ ಸ್ಟ್ಯಾಂಡರ್ಡ್ ನಂಬರು 2272. ದುಬಾರಿ. ಅದರ ಅಂಟು ನೀರಿಗೆ ಬಿಡುವುದಿಲ್ಲ ನಿಜ, ಆದರೆ ಮರಕ್ಕೇನೂ ಔಷಧಿ ಹಾಕಿರುವುದಿಲ್ಲ, ಕೊಳೆಯುವುದು ಕೊಳೆತೇ ಕೊಳೆಯುತ್ತದೆ. 'ಎ-ಬಾಂಡ್' ಎಂಬ, ನೀರಿಗೆ ಬಿಡದ ಅಂಟಿನ ಸ್ಟ್ರಕ್ಚರಲ್ (ಭಾರ ಹೊರುವ) ಪ್ಲೈ ಸಾಕು. ಹಳೆಯದರ ದಪ್ಪವನ್ನು ಗಟ್ಟಿ ಇರುವ ಕಡೆ ಅಳೆದು ಅಷ್ಟೇ ದಪ್ಪದ್ದು ತನ್ನಿ. ಗಟ್ಟಿಯಾಗಿರಲಿ ಎಂದು ದಪ್ಪ ಹೆಚ್ಚಿಸಬೇಡಿ, 12 ಮಿಲಿಮೀಟರಿನ 2400ಕ್ಕೆ 1200ರ ಒಂದು ಹಾಳೆಯೇ ಸುಮಾರು 20 ಕಿಲೋ ತೂಗುತ್ತದೆ, ಟ್ರೈಲರಿನ ಪ್ಲೇಟಿನಲ್ಲಿ ಬರೆದ ತೂಕದ ಮಿತಿ ಹಾಗೇ ಇರುತ್ತದೆ. ಬನ್ನಿಂಗ್ಸ್ ಹಾರ್ಡ್‌ವೇರ್ ಅಂಗಡಿಯಲ್ಲಿ ಅಳತೆಗೆ ಕತ್ತರಿಸಿಯೂ ಕೊಡುತ್ತಾರೆ.

ಕೂರಿಸುವ ಮೊದಲು ಎಲ್ಲ ಮುಖಕ್ಕೂ ಎಪಾಕ್ಸಿ ಬಳಿಯಿರಿ. ಅಂಚಿಗೆ ಎರಡು ಮೂರು ಸಲ. ನೀರು ಕುಡಿಯುವುದು ಅಂಚೇ. ಸುತ್ತ 2-3 ಮಿಲಿಮೀಟರ್ ಸಂದಿ ಬಿಟ್ಟು ಅದಕ್ಕೆ ಸೀಲಂಟ್ ತುಂಬಿ. ಸ್ಕ್ರೂ ಕೇಳುವಾಗ 'ವಿಂಗ್ ಟೆಕ್' ಎನ್ನಿ. ಅದರ ಎರಡು ಪುಟ್ಟ ರೆಕ್ಕೆ ಮರದಲ್ಲಿ ತೂತು ಅಗಲ ಮಾಡಿ, ಕಬ್ಬಿಣ ತಾಗಿದ ಕೂಡಲೇ ಮುರಿದು ಬೀಳುತ್ತವೆ. ಅದಕ್ಕೇ ಪ್ಲೈ ಮೇಲೇಳದೆ ಬಿಗಿಯಾಗಿ ಕೂರುತ್ತದೆ. ವಿನೈಲ್ ಹಾಸುವುದು ಸುಲಭ, ಅದಕ್ಕೆ ನನ್ನ ಸಲಹೆ ಬೇಡ.

ಇನ್ನು ಸ್ನೇಹಿತರು. ಕನ್ನಡ ಸಂಘದ ಯುಗಾದಿಗೆ, ರಾಜ್ಯೋತ್ಸವಕ್ಕೆ ಹೋಗಿ, ಹೋಳಿಗೆ ಸಿಗುತ್ತದೆ, ಜನರೂ ಸಿಗುತ್ತಾರೆ. ಆದರೆ ನಿಮ್ಮ ಬಡಾವಣೆಯಲ್ಲಿ ಮೆನ್ಸ್ ಶೆಡ್ ಇದೆಯಾ ವಿಚಾರಿಸಿ. 1990ರ ದಶಕದಲ್ಲಿ ಈ ದೇಶದಲ್ಲೇ ಶುರುವಾದದ್ದು. ನಿವೃತ್ತರಾದ ಬಡಗಿಗಳು, ಮೆಕ್ಯಾನಿಕ್‌ಗಳು ಸೇರಿ ಮರಗೆಲಸ ಮಾಡುತ್ತಾ ಚಹಾ ಕುಡಿಯುತ್ತಾ ಕೂರುತ್ತಾರೆ. ನನ್ನ ನೆಲ ಎರಡನೇ ಸಲ ಕಟ್ಟಿದ್ದು ಅಂಥ ಒಬ್ಬ ಮುದುಕರ ಜೊತೆಗೆ. ಮಾತು ಕಮ್ಮಿ, ಅಳತೆ ತಪ್ಪಿದರೆ ಮುಖ ಗಂಟು. ಥೇಟ್ ನಮ್ಮೂರ ಆಚಾರಿ. ಕೂಲಿ ಎಂದು ಕೈಗೆ ಕೊಟ್ಟ ದುಡ್ಡು ತೆಗೆದುಕೊಳ್ಳಲಿಲ್ಲ, ಮನೆಯವಳು ಕಳಿಸಿದ ಕೋಡುಬಳೆ ಡಬ್ಬಿ ಮಾತ್ರ ವಾಪಸ್ ಖಾಲಿ ಬಂತು.

ಈಸ್ಟರ್ ಒಳಗೆ ಮುಗಿಸಲು ನೋಡಿ. ನೆಲ ಗಟ್ಟಿಯಾಗಿದ್ದು ನೀರು ಬರದಿದ್ದರೆ ಸಾಕು, ವಿನೈಲ್ ಬಣ್ಣ ಹೊಂದಲಿಲ್ಲ ಎಂದು ಮಕ್ಕಳನ್ನು ಕಾಯಿಸಬೇಡಿ. ಮೊದಲು ಕೆಳಗಿನಿಂದ ತೆಗೆದ ಫೋಟೋ ಕಳಿಸಿ, ಅಡ್ಡಪಟ್ಟಿಗಳು ಕಾಣುವ ಹಾಗೆ. ಗರಗಸ ನನ್ನ ಹತ್ತಿರ ಇದೆ, ಭಾನುವಾರ ಬಂದು ತೆಗೆದುಕೊಂಡು ಹೋಗಿ. ಬ್ಲೇಡ್ ಮಾತ್ರ ಹೊಸದು ಕೊಳ್ಳಿ, ನನ್ನದು ಮೊಂಡಾಗಿದೆ.