ಇಬ್ನ್ ಖಲ್ದೂನ್: ಮಂತ್ರಿ ಮೊದಲು, ಖಾಜಿ ಆಮೇಲೆ

‘ಇಬ್ನ್ ಖಲ್ದೂನ್ ಇತಿಹಾಸಕಾರ ಅಲ್ವಾ, ಖಾಜಿ, ಮಂತ್ರಿ, ರಾಯಭಾರಿ ಎಲ್ಲ ಯಾವಾಗ ಆದ?’ ಅಂತ ಕೇಳಿದ್ದೀರಿ. ಹುಟ್ಟಿದ್ದು 1332ರಲ್ಲಿ, ಟ್ಯೂನಿಸ್‌ನಲ್ಲಿ. ಸುನ್ನಿ ಮುಸ್ಲಿಮರ ಮಾಲಿಕಿ ಪಂಥದ ಕಾನೂನು ಓದಿದ. ಆದರೆ ಕೆಲಸ ಸಿಕ್ಕಿದ್ದು ಅರಮನೆಗಳಲ್ಲಿ. 1364ರಲ್ಲಿ, ಈಗಿನ ಸ್ಪೇನ್‌ನಲ್ಲಿರುವ ಗ್ರಾನಡಾದ ಸುಲ್ತಾನ ಅವನನ್ನು ಸೆವಿಲ್‌ಗೆ, ಕ್ಯಾಸ್ಟೀಲ್‌ನ ದೊರೆ ಪೆಡ್ರೋ ಹತ್ತಿರ ರಾಯಭಾರಿಯಾಗಿ ಕಳಿಸಿದ. ಇಲ್ಲೇ ಇರು, ನಿನ್ನ ಹಿರಿಯರ ಆಸ್ತಿ ವಾಪಸ್ ಕೊಡ್ತೀನಿ ಅಂದ ಪೆಡ್ರೋ. ಇವನು ಒಪ್ಪಲಿಲ್ಲ. ಮರುವರ್ಷ ಈಗಿನ ಅಲ್ಜೀರಿಯಾದ ಬಿಜಾಯಾದಲ್ಲಿ ‘ಹಾಜಿಬ್’, ಅಂದರೆ ಹೆಚ್ಚೂಕಮ್ಮಿ ಪ್ರಧಾನಮಂತ್ರಿ. ಮುಖ್ಯ ಖಾಜಿ, ಅಂದರೆ ನ್ಯಾಯಾಧೀಶ, ಆಗಿದ್ದು 1384ರಲ್ಲಿ, ಕೈರೋದಲ್ಲಿ. ಆ ಕುರ್ಚಿಯಿಂದ ಮತ್ತೆ ಮತ್ತೆ ಇಳಿಸಿದರು, ಮತ್ತೆ ಮತ್ತೆ ಕೂರಿಸಿದರು.

ನನಗೆ ಜಾಸ್ತಿ ಇಷ್ಟ 1401ರ ಕಥೆ. ಮಧ್ಯ ಏಷ್ಯಾದ ದಂಡಯಾತ್ರಿಕ ತೈಮೂರ್ ಡಮಾಸ್ಕಸ್ಸಿಗೆ ಮುತ್ತಿಗೆ ಹಾಕಿದ್ದ, ಇಬ್ನ್ ಖಲ್ದೂನ್ ಊರೊಳಗಿದ್ದ. ಕೋಟೆಬಾಗಿಲು ತೆರೆಯುವ ಹಾಗಿರಲಿಲ್ಲ. ಎಪ್ಪತ್ತರ ಹತ್ತಿರ ಬಂದಿದ್ದ ಈ ಮುದುಕ ತೈಮೂರ್‌ನನ್ನು ಕಾಣೋಕೆ ಹಗ್ಗ ಹಿಡಿದು ಗೋಡೆಯಿಂದ ಕೆಳಗಿಳಿದ! ಕೊಟ್ಟ ಕಾಣಿಕೆಗಳಲ್ಲಿ ಕುರಾನಿನ ಪ್ರತಿ, ನಮಾಜಿನ ಚಾಪೆ, ಜೊತೆಗೆ ನಾಲ್ಕು ಡಬ್ಬಿ ಕೈರೋ ಮಿಠಾಯಿ. ತೈಮೂರ್ ಕಣ್ಣು ಬಿದ್ದಿದ್ದು ಅವನ ಹೇಸರಗತ್ತೆ ಮೇಲೆ. ಅದನ್ನೂ ಕೊಟ್ಟುಬಂದ. ಆಮೇಲೆ ಅದರ ದುಡ್ಡು ಕೈರೋಗೆ ಬಂತು. ಈಜಿಪ್ಟಿನ ಸುಲ್ತಾನನಿಗೆ ತಿಳಿಸಿಯೇ ತಗೊಂಡ. ಪಕ್ಕಾ ರಾಜತಾಂತ್ರಿಕ!