47ರ ಕೆಳಗಿನ ಕೆಂಪು ಗೆರೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವರಿಗೆ 61 ವರ್ಷ, ಲೆಕ್ಕಪತ್ರದ ಕೆಲಸದಿಂದ ನಿವೃತ್ತರು. ಹೆಂಡತಿಯ ಜೊತೆ ಬಂದು ಕುಳಿತವರೇ ನೆನಪಿನ ಪರೀಕ್ಷೆಯ, ಮಡಿಕೆ ಸವೆದ ರಿಪೋರ್ಟೊಂದನ್ನು ಮೇಜಿನ ಮೇಲೆ ಹರವಿದರು. 47 ಎಂಬ ಅಂಕಿಯ ಕೆಳಗೆ ಕೆಂಪು ಪೆನ್ನಿನಲ್ಲಿ ಮೂರು ಸಲ ಗೆರೆ ಎಳೆದಿದ್ದರು.

"ಹೋದ ವರ್ಷ 70 ಇತ್ತು ಮೇಡಂ. ಹೀಗೇ ಆದ್ರೆ ಇನ್ನೆರಡು ವರ್ಷಕ್ಕೆ ಮಕ್ಕಳ ಹೆಸರೂ ಮರೆತುಹೋಗುತ್ತೇನೋ."

ಲೆಕ್ಕದವರಿಗೆ ಬರೀ ಸಮಾಧಾನದ ಮಾತು ಸಾಲದು, ಲೆಕ್ಕವನ್ನೇ ಬಿಡಿಸಿ ತೋರಿಸಬೇಕು ಅನಿಸಿತು. 70, 47 ಎರಡೂ ಪರ್ಸೆಂಟೈಲ್‌ಗಳು, ನೂರಕ್ಕೆ ತೆಗೆದ ಅಂಕಗಳಲ್ಲ. ಅದೇ ವಯಸ್ಸಿನ ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 47 ಮಂದಿ ಇವರಿಗಿಂತ ಹಿಂದೆ ಇರುತ್ತಾರೆ ಎಂದರ್ಥ. ಹೆಚ್ಚುಕಡಿಮೆ ನಟ್ಟನಡುವೆ! ಸಾಲಿನ ನಡುಭಾಗದಲ್ಲಿ ಜನ ಒತ್ತೊತ್ತಾಗಿ ನಿಂತಿರುವುದರಿಂದ ಅಲ್ಲಿ ಒಂದು ಹೆಜ್ಜೆ ಹಿಂದೆ ಸರಿದರೂ ಎಷ್ಟೋ ಮಂದಿ ಮುಂದೆ ಹೋದಂತಾಗುತ್ತದೆ. ಸರಾಸರಿ 100, ಮಾನಕ ವಿಚಲನೆ (ಜನರ ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 15 ಇರುವ ಅಳತೆಯಲ್ಲಿ ಅವರ ನೆನಪಿನ ಸೂಚ್ಯಂಕ 108ರಿಂದ 99ಕ್ಕೆ ಇಳಿದಿತ್ತು. ಅಂದರೆ 9.

ಆ ಪರೀಕ್ಷೆಯ ವಿಶ್ವಾಸಾರ್ಹತೆ, ಅಂದರೆ ಅದರ ಅಂಕ ಎಷ್ಟು ಸ್ಥಿರ ಎಂಬುದರ ಅಳತೆ, 0.91; 1 ಇದ್ದರೆ ಅಲುಗಾಟವೇ ಇಲ್ಲ. ಒಂದರಿಂದ ಅದನ್ನು ಕಳೆದರೆ 0.09, ವರ್ಗಮೂಲ 0.3, ಅದನ್ನು 15ರಿಂದ ಗುಣಿಸಿದರೆ 4.5. ಒಂದು ಸಲದ ಅಳತೆಯಲ್ಲಿ ಇದ್ದೇ ಇರುವ ಅಲುಗಾಟ ಇದು. ಎರಡು ಅಳತೆಗಳನ್ನು ಹೋಲಿಸುವಾಗ ಎರಡರ ಅಲುಗಾಟವೂ ಸೇರಿ ಸುಮಾರು 6.4 ಆಗುತ್ತದೆ. ನೆನಪು ಇದ್ದಹಾಗೇ ಇದ್ದರೂ ನೂರರಲ್ಲಿ ಸುಮಾರು 95 ಸಲ ವ್ಯತ್ಯಾಸ ಅದರ ಹೆಚ್ಚುಕಡಿಮೆ ಎರಡು ಪಟ್ಟು, ಅಂದರೆ 12.5ರ ಒಳಗೆ ಹೀಗೆ ಹಾಗೆ ಓಲಾಡಬಹುದು. ರಿಪೋರ್ಟಿನ ಹಿಂಬದಿಯಲ್ಲಿ ಅವರೇ ಇದನ್ನು ಮಾಡಿ ನೋಡಿದರು. 12.5ರ ಕೆಳಗೆ 9 ಬರೆದು ತುಂಬ ಹೊತ್ತು ಸುಮ್ಮನೆ ಕುಳಿತರು.

ಆದರೆ "ಏನೂ ಆಗಿಲ್ಲ" ಎಂದು ನಾನು ಹೇಳಲಿಲ್ಲ, ಹೇಳಬಾರದು ಕೂಡ. ಅದೇ ಪರೀಕ್ಷೆ ಎರಡನೇ ಸಲ ಬರೆಯುವಾಗ ಅಭ್ಯಾಸಬಲದಿಂದ ಅಂಕ ತುಸು ಏರುವುದು ವಾಡಿಕೆ. ಇವರದು ಏರಿರಲಿಲ್ಲ. ಜೊತೆಗೆ 20 ಉಪಪರೀಕ್ಷೆಗಳಲ್ಲಿ ಒಂದು, ಓದಿ ಹೇಳಿದ ಪದಗಳನ್ನು ಅರ್ಧ ಗಂಟೆಯ ನಂತರ ನೆನಪಿಸಿಕೊಳ್ಳುವುದು, 4ನೇ ಪರ್ಸೆಂಟೈಲ್‌ನಲ್ಲಿತ್ತು. 5ಕ್ಕಿಂತ ಕೆಳಗಿದ್ದರೆ ಕಡಿಮೆ ಎಂದು ಲೆಕ್ಕ ಹಿಡಿದರೆ, ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳಲ್ಲಿ ಕನಿಷ್ಠ ಒಂದಾದರೂ ಹಾಗೆ ಬರುವ ಸಂಭವ 64 ಪ್ರತಿಶತ. ನಿಜದ ಪರೀಕ್ಷೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಅಷ್ಟು ಇರುವುದಿಲ್ಲ, ಆದರೂ ಆರೋಗ್ಯವಂತರಲ್ಲೂ ಒಂದೆರಡು ಕಡಿಮೆ ಅಂಕ ಮಾಮೂಲು. ಇದನ್ನು ರಿಪೋರ್ಟಿನಲ್ಲೇ ಒಂದು ಸಾಲು ಬರೆದಿದ್ದರೆ ಎಷ್ಟೋ ಮನೆಗಳ ನಿದ್ದೆ ಉಳಿಯುತ್ತಿತ್ತು.

ಇಷ್ಟರಲ್ಲಿ ನಾನೊಂದು ಗಮನಿಸಿದ್ದೆ. ನಾನು ತಲೆ ತಗ್ಗಿಸಿ ಕಾಗದ ನೋಡುತ್ತಾ ಕೇಳಿದಾಗಲೆಲ್ಲ ಅವರು ಹೆಂಡತಿಯ ಕಡೆ ತಿರುಗಿ "ಏನಂದ್ರು?" ಎನ್ನುತ್ತಿದ್ದರು. ಮುಖ ನೋಡಿ ಮಾತಾಡಿದಾಗ ಉತ್ತರ ತಡವಾಗುತ್ತಿರಲಿಲ್ಲ.

"ಟಿವಿ ಸೌಂಡ್ ಜಾಸ್ತಿ ಇಡ್ತಾರಾ?" ಎಂದೆ.

"ಪಕ್ಕದ ಮನೆಯವರಿಗೂ ಕೇಳಿಸುತ್ತೆ" ಎಂದರು ಅವರ ಹೆಂಡತಿ.

ಕಿವಿಗೆ ಸರಿಯಾಗಿ ಬೀಳದ ಪದವನ್ನು ನೆನಪಿನಿಂದ ಹೊರತೆಗೆಯುವುದು ಹೇಗೆ? ಮೊದಲು ಶ್ರವಣ ಪರೀಕ್ಷೆ ಮಾಡಿಸಿ ಎಂದೆ. ಆಮೇಲೆ ವೈದ್ಯರ ಬಳಿ ಥೈರಾಯ್ಡ್, ಬಿ12, ನಿದ್ದೆ, ಮನಸ್ಸಿನ ಕುಗ್ಗುವಿಕೆ ಇವನ್ನೆಲ್ಲ ನೋಡಿಸುವುದು; ನೆನಪಿನ ಪರೀಕ್ಷೆಯನ್ನು ಒಂದು ವರ್ಷದ ನಂತರ, ಬೇರೆ ಪದಪಟ್ಟಿಯಲ್ಲಿ. ನಡುವೆ ಔಷಧಿ, ಹಣಕಾಸು, ಗೊತ್ತಿರುವ ದಾರಿ ಇಂಥ ದಿನನಿತ್ಯದ ಕೆಲಸಗಳಲ್ಲಿ ಎಡವುವುದು ಕಂಡರೆ ವರ್ಷ ಕಾಯದೆ ಬನ್ನಿ ಎಂದು ಅವರ ಹೆಂಡತಿಗೆ ಬಿಡಿಸಿ ಹೇಳಿದೆ; ಆ ಬದಲಾವಣೆ ಮೊದಲು ಕಾಣುವುದು ಹೆಚ್ಚಾಗಿ ಮನೆಯವರಿಗೇ.

ಹೊರಡುವಾಗ ಆಕೆ ಅವರ ಎದುರಿಗೆ ಬಂದು ನಿಂತು ನಿಧಾನವಾಗಿ ಕೇಳಿದರು: "ರೀ, ಕಿವಿ ಡಾಕ್ಟ್ರ ಚೀಟಿ ತಗೊಂಡ್ರಾ?"

ಅವರು ಜೇಬು ತಟ್ಟಿ ತೋರಿಸಿದರು.